ತಾರಸಿಯ ಮೇಲೆ ಉರಿಬಿಸಿಲು, ಮನೆಯೊಳಗೆ ಕರೆಂಟಿಲ್ಲ: ಸೋಲಾರ್ ಹಾಕಿಸುವ ಮುನ್ನ ಓದಿ

ಹೋದ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ, ತುಮಕೂರಿನ ನಮ್ಮ ಮನೆಯ ತಾರಸಿಯ ಮೇಲೆ ಬರಿಗಾಲಿಡಲಾಗದಷ್ಟು ಬಿಸಿಲಿದ್ದಾಗ, ಮನೆಯೊಳಗಿನ ಫ್ಯಾನು ನಿಂತಿತು. ಅಡುಗೆಮನೆಯಲ್ಲಿ ಮಿಕ್ಸಿ ನಿಂತು ಚಟ್ನಿ ತರಿತರಿಯಾಗಿಯೇ ಉಳಿಯಿತು. ಬೀದಿಗೆಲ್ಲ ಕರೆಂಟು ಹೋಗಿತ್ತು, ನಿಜ. ಆದರೆ ನಮ್ಮ ಮನೆಯದು ಹೋಗಬಾರದಿತ್ತು. ಏಕೆಂದರೆ ಹತ್ತೊಂಬತ್ತು ದಿನಗಳ ಹಿಂದಷ್ಟೇ ಎರಡು ಲಕ್ಷಕ್ಕೂ ಮೇಲೆ ಕೊಟ್ಟು 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೆ, ಅದನ್ನು ತೋರಿಸಲೆಂದೇ ಅಂದು ಅಕ್ಕ-ಭಾವನವರನ್ನು ಊಟಕ್ಕೆ ಕರೆದಿದ್ದೆ.

ಮೆಟ್ಟಿಲ ಬಳಿ ಗೋಡೆಗೆ ಹಾಕಿದ್ದ, ಫಲಕಗಳ ವಿದ್ಯುತ್ತನ್ನು ಮನೆಗೆ ಒಗ್ಗುವಂತೆ ಬದಲಿಸುವ ಸೋಲಾರ್ ಇನ್ವರ್ಟರಿನಲ್ಲಿ ಹಸಿರು ದೀಪದ ಬದಲು ಕೆಂಪು ದೀಪ ಉರಿಯುತ್ತಿತ್ತು, ಪರದೆಯ ಮೇಲೆ ‘ನೋ ಗ್ರಿಡ್’ ಎಂದಿತ್ತು, ಅಂದರೆ ಬೀದಿಯ ಲೈನಿನಲ್ಲಿ ಕರೆಂಟಿಲ್ಲ. ಎಂಸಿಬಿಯನ್ನು ಇಳಿಸಿದೆ, ಏರಿಸಿದೆ, ಮತ್ತೆ ಇಳಿಸಿದೆ. ಭಾವನವರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಏನಾದರೂ ಅಂದಿದ್ದರೆ ವಾಸಿಯಿತ್ತು. ಅಂದವರು ಎದುರು ಮನೆಯವರು: “ಏನ್ ಮೇಷ್ಟ್ರೇ, ಸೋಲಾರ್ ಹಾಕ್ಸಿದೋರ ಮನೇಲೂ ಕರೆಂಟಿಲ್ವಾ?”

ಮೂವತ್ತು ವರ್ಷ ಪಾಠ ಹೇಳಿದವನು ಹೇಗೆ ಮೋಸ ಹೋದನೆಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಹನ್ನೆರಡು ವರ್ಷದಿಂದ ಸೋಲಾರ್ ವಾಟರ್ ಹೀಟರ್ ಇದೆ. ಕೊಳವೆಯಲ್ಲಿ ಕಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಅದಕ್ಕೆ ಮೋಟಾರೂ ಬೇಡ, ಕರೆಂಟೂ ಬೇಡ. ಬಿಸಿಲಿದ್ದರೆ ಬಿಸಿನೀರು ಎಂಬುದು ಅಷ್ಟು ಅಭ್ಯಾಸವಾಗಿದ್ದರಿಂದ, ಬಿಸಿಲಿದ್ದರೆ ಕರೆಂಟೂ ಇರುತ್ತದೆಂದು ನಾನೇ ಎಣಿಸಿಕೊಂಡಿದ್ದೆ. ಆ ಎಣಿಕೆಯನ್ನು ಮಾರಾಟಕ್ಕೆ ಬಂದ ಹುಡುಗ ತಿದ್ದಲಿಲ್ಲ, ಇನ್ನಷ್ಟು ಬೆಳೆಸಿದ. “ಕರೆಂಟು ಹೋದಾಗ ಹೇಗಪ್ಪಾ?” ಎಂದು ನಾನು ಬಾಯಿಬಿಟ್ಟು ಕೇಳಿದ್ದೆ, ನನ್ನ ಹೆಂಡತಿಯೇ ಸಾಕ್ಷಿ. “ಬಿಸಿಲು ಇರೋ ತನಕ ನಿಮಗೇನ್ ಸರ್ ಚಿಂತೆ!” ಎಂದು ನಕ್ಕ. ಈಗ ಯೋಚಿಸಿದರೆ, ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅಷ್ಟೇ ಅಲ್ಲ, “ಇನ್ನು ಈ ಯುಪಿಎಸ್ ಯಾಕೆ ಸರ್?” ಎನ್ನುತ್ತ, ಚೆನ್ನಾಗಿಯೇ ಓಡುತ್ತಿದ್ದ ನನ್ನ ಯುಪಿಎಸ್ ಮತ್ತು ಬ್ಯಾಟರಿಯನ್ನು ಎಕ್ಸ್‌ಚೇಂಜ್ ಎಂದು 6,000 ರೂಪಾಯಿಗೆ ಹೊತ್ತುಕೊಂಡು ಹೋದ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೆ.

ಫೋನು ಮಾಡಿದರೆ ಬಂದ ಉತ್ತರ: “ಸರ್, ಅದು ಆನ್‌ಗ್ರಿಡ್. ಲೈನಲ್ಲಿ ಕರೆಂಟ್ ಇಲ್ಲದಿದ್ರೆ ಆಫ್ ಆಗ್ಲೇಬೇಕು, ರೂಲ್ಸ್ ಇದೆ. ಕೊಟೇಶನ್‌ನಲ್ಲಿ ಬರೆದಿದೀವಲ್ಲ.” ತೆಗೆದು ನೋಡಿದೆ. ಬರೆದಿತ್ತು. ಒಂದೇ ಒಂದು ಪದ, ‘ಆನ್‌ಗ್ರಿಡ್’. ಅಂದರೆ ಬ್ಯಾಟರಿಯಿಲ್ಲದೆ ಬೀದಿಯ ಲೈನಿಗೆ ಜೋಡಿಸಿದ ಸೋಲಾರ್. ಹಾಗಾದರೆ ಅಂದು ನಾನು ಕೇಳಿದಾಗ ಏಕೆ ಹೇಳಲಿಲ್ಲ ಎಂದರೆ, “ನೀವು ಬ್ಯಾಕಪ್ ಬೇಕು ಅಂತ ಕೇಳ್ಲಿಲ್ವಲ್ಲ ಸರ್.” ಮರುದಿನ ವಾಟ್ಸಾಪಿನಲ್ಲಿ ಬಂದದ್ದು ಕ್ಷಮೆಯಲ್ಲ, ಇನ್ನೊಂದು ಕೊಟೇಶನ್: ಲೈನು ಹೋದಾಗಲೂ ಬ್ಯಾಟರಿಯಿಂದ ಮನೆಗೆ ಕರೆಂಟು ಕೊಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ, 1,40,000 ರೂಪಾಯಿ.

ರೂಲ್ಸ್ ಇರುವುದು ಸುಳ್ಳಲ್ಲ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಗೆಳೆಯರೊಬ್ಬರು ವಿವರಿಸಿದರು. ಕರೆಂಟಿಲ್ಲವೆಂದು ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ತಾರಸಿಯ ವಿದ್ಯುತ್ತು ತಂತಿಗೆ ಹರಿದರೆ ಅವನ ಪ್ರಾಣಕ್ಕೆ ಅಪಾಯ. ಅದು ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹೋದರೆ 230 ವೋಲ್ಟು 11 ಸಾವಿರದ ಮಟ್ಟಕ್ಕೇರುತ್ತದೆ. ಆದ್ದರಿಂದ ಲೈನು ಸತ್ತೊಡನೆ ಇನ್ವರ್ಟರ್ ತಾನೇ ನಿಲ್ಲುತ್ತದೆ. ಒಪ್ಪಿದೆ. ಆದರೆ ಇದನ್ನು ಎರಡು ಲಕ್ಷ ಎಣಿಸಿಕೊಳ್ಳುವ ಮುನ್ನ ಹೇಳಲು ಎಷ್ಟು ಹೊತ್ತು ಬೇಕಿತ್ತು? ಅರ್ಧ ನಿಮಿಷ. ಅಲ್ಲದೆ ಕರೆಂಟು ಹೋದಷ್ಟು ಹೊತ್ತು ಮನೆಗೂ ಇಲ್ಲ, ಗ್ರಿಡ್ಡಿಗೂ ಇಲ್ಲ. ಆ ಹೊತ್ತಿನ ಯೂನಿಟ್ಟುಗಳೆಲ್ಲ ವ್ಯರ್ಥ.

ನ್ಯಾಯವಾಗಿ ಹೇಳಬೇಕೆಂದರೆ, ಕರೆಂಟಿರುವ ದಿನ ಫಲಕಗಳು ಹನ್ನೆರಡು ಯೂನಿಟ್ಟಿನವರೆಗೆ ಕೊಡುತ್ತವೆ, ಬಿಲ್ಲು ಇಳಿದಿದೆ, ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಹಾಯಧನವೂ ಖಾತೆಗೆ ಬಂದಿದೆ. ನನ್ನ ಜಗಳ ಸೋಲಾರಿನೊಂದಿಗಲ್ಲ, ಬಾಯಿ ಮುಚ್ಚಿಕೊಂಡು ಮಾರಿದವರೊಂದಿಗೆ.

ದಯವಿಟ್ಟು, ಮುಂಗಡ ಕೊಡುವ ಮೊದಲು “ಮಧ್ಯಾಹ್ನ ಲೈನಲ್ಲಿ ಕರೆಂಟು ಹೋದರೆ ನನ್ನ ಫ್ಯಾನು ತಿರುಗುತ್ತದೆಯೇ?” ಎಂದು ಇದೇ ಮಾತಿನಲ್ಲಿ ಕೇಳಿ, ಉತ್ತರವನ್ನು ಕೊಟೇಶನ್ನಿನ ಮೇಲೆ ಬರೆಸಿ ಸಹಿ ಹಾಕಿಸಿ. ನಕ್ಕರೆ ಎದ್ದು ಬನ್ನಿ. ಹಳೆಯ ಯುಪಿಎಸ್ಸನ್ನು ಯಾರಿಗೂ ಕೊಡಬೇಡಿ. ಆನ್‌ಗ್ರಿಡ್ ಸೋಲಾರಿನ ಜೊತೆಗೆ ಅದು ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ.

ಹೊಸ ಬ್ಯಾಟರಿಗೆ ಹೇಳಿದ್ದೇನೆ, ಬುಧವಾರ ಬರುತ್ತದಂತೆ. ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಮ್ಮ ಬಡಾವಣೆಯಲ್ಲಿ ವಿದ್ಯುತ್ ವ್ಯತ್ಯಯವೆಂದು ಪತ್ರಿಕೆಯಲ್ಲಿ ಬಂದಿದೆ. ಚಟ್ನಿಯನ್ನು ಒಂಬತ್ತಕ್ಕೇ ರುಬ್ಬಿಡಬೇಕು.