ಫಾರಿನ್ ಅಫೇರ್ಸ್: ವಿದ್ವಾಂಸರ ವಾಗ್ವಾದಕ್ಕೆ ಚಂದಾ ಕಟ್ಟಬಹುದೆ?

ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವವರಿಗೂ ಬೋಧಿಸುವವರಿಗೂ ಒಂದು ತೊಡಕು ತಪ್ಪಿದ್ದಲ್ಲ. ಪಠ್ಯಪುಸ್ತಕದಲ್ಲಿ ವಾಸ್ತವವಾದ, ಉದಾರವಾದ, ರಚನಾವಾದ ಎಂದು ಅಧ್ಯಾಯಗಳಾಗಿ ಹಂಚಿಹೋಗಿರುವ ಸಿದ್ಧಾಂತಗಳು ಒಂದು ಯುದ್ಧದ ಎದುರು ಅಥವಾ ಒಂದು ಒಪ್ಪಂದದ ಎದುರು ನಿಂತಾಗ ಏನು ಹೇಳುತ್ತವೆ ಎಂಬುದು ಆ ಪುಸ್ತಕಗಳಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ನೆರವಾಗುವ ಕೆಲವೇ ಪ್ರಕಟಣೆಗಳಲ್ಲಿ, ನ್ಯೂಯಾರ್ಕ್‌ನ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್ ಸಂಸ್ಥೆ 1922ರಿಂದ ಹೊರತರುತ್ತಿರುವ ‘ಫಾರಿನ್ ಅಫೇರ್ಸ್’ ಪತ್ರಿಕೆ ಒಂದು. ಹಲವು ವರ್ಷಗಳಿಂದ ಅದನ್ನು ಓದುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಚಂದಾ ಹಣಕ್ಕೆ ಮೋಸವಿಲ್ಲ. ಆದರೆ ಅಮೆರಿಕದ ವಿದ್ವಾಂಸರೂ ಅಧಿಕಾರಸ್ಥರೂ ತಮ್ಮೊಳಗೆ ನಡೆಸುವ ಚರ್ಚೆಯನ್ನು ಹತ್ತಿರದಿಂದ ಕೇಳುವ ಸಲುವಾಗಿ ಇದನ್ನು ತರಿಸಿಕೊಳ್ಳಬೇಕೇ ಹೊರತು, ಜಗತ್ತಿನ ಒಟ್ಟು ತಿಳಿವಳಿಕೆ ಇಲ್ಲಿದೆ ಎಂದು ನಂಬಿ ಅಲ್ಲ.

ಚಂದಾದಾರರಿಗೆ ವರ್ಷಕ್ಕೆ ಆರು ಸಂಚಿಕೆಗಳು, ಜಾಲತಾಣದಲ್ಲಿ ಆಗಾಗ ಬರುವ ಹೊಸ ಲೇಖನಗಳು, ಕೇಳಬಹುದಾದ ಧ್ವನಿ ರೂಪದ ಪ್ರಬಂಧಗಳು ಸಿಗುತ್ತವೆ. ಇವೆಲ್ಲಕ್ಕಿಂತ ಬೆಲೆಬಾಳುವುದು 1922ರ ಮೊದಲ ಸಂಚಿಕೆಯವರೆಗೂ ಹಿಂದಕ್ಕೆ ಹೋಗುವ ಸಂಗ್ರಹ. ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ‘ಎಕ್ಸ್’ ಎಂಬ ಗುಪ್ತನಾಮದಲ್ಲಿ ಸೋವಿಯತ್ ನಡವಳಿಕೆಯ ಮೂಲಗಳನ್ನು ಶೋಧಿಸಿ ಬರೆದ 1947ರ ಜುಲೈ ಲೇಖನವನ್ನು, ಅದರ ಸಾರಾಂಶವನ್ನಷ್ಟೇ ಪರೀಕ್ಷೆಗಾಗಿ ಕಂಠಪಾಠ ಮಾಡಿದ ನಮ್ಮ ವಿದ್ಯಾರ್ಥಿಗಳು ಮೂಲದಲ್ಲೇ ಓದಬಹುದು. ಶೀತಲ ಸಮರದ ಉದ್ದಕ್ಕೂ ಅಮೆರಿಕ ಅನುಸರಿಸಿದ, ಸೋವಿಯತ್ ವಿಸ್ತರಣೆಯನ್ನು ತಡೆಯುವ ‘ತಡೆ’ (ಕಂಟೈನ್‌ಮೆಂಟ್) ನೀತಿಗೆ ಹೆಸರು ಕೊಟ್ಟ ಆ ಬರಹದಲ್ಲಿ ಸೇನೆಯ ಮಾತಿಗಿಂತ ತಾಳ್ಮೆಯ ಮಾತು ಹೆಚ್ಚಿದೆ ಎಂಬುದು ಮೂಲವನ್ನು ಓದಿದಾಗ ಮಾತ್ರ ಮನದಟ್ಟಾಗುತ್ತದೆ. ತಾನು ಹೇಳಿದ್ದು ಮುಖ್ಯವಾಗಿ ರಾಜಕೀಯ ತಡೆಯನ್ನು, ಸೇನಾ ತಡೆಯನ್ನಲ್ಲ ಎಂದು ಕೆನನ್ ಆಮೇಲೆ ಪದೇ ಪದೇ ವಿವರಿಸಬೇಕಾಯಿತು. ವಿದ್ವಾಂಸನ ಮಾತು ಸರ್ಕಾರದ ಕೈಗೆ ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪತ್ರಿಕೆಯ ನಿಜವಾದ ಶಕ್ತಿ ಒಂದು ಲೇಖನದಲ್ಲಲ್ಲ, ಅದಕ್ಕೆ ಬರುವ ಉತ್ತರದಲ್ಲಿದೆ. ಹಾರ್ವರ್ಡ್‌ನ ಸ್ಯಾಮ್ಯುಯೆಲ್ ಹಂಟಿಂಗ್ಟನ್ 1993ರ ಬೇಸಿಗೆ ಸಂಚಿಕೆಯಲ್ಲಿ ಮುಂದಿನ ಸಂಘರ್ಷಗಳು ಮುಖ್ಯವಾಗಿ ಸಂಸ್ಕೃತಿಗಳ ನಡುವೆ ನಡೆಯುತ್ತವೆ ಎಂಬ ‘ನಾಗರಿಕತೆಗಳ ಸಂಘರ್ಷ’ದ ವಾದವನ್ನು ಮುಂದಿಟ್ಟಾಗ, ಮರುಸಂಚಿಕೆಯಲ್ಲೇ ಫೌದ್ ಅಜಾಮಿ, ಸಿಂಗಪುರದ ಕಿಶೋರ್ ಮಹಬೂಬಾನಿ ಮುಂತಾದವರು ಅದನ್ನು ಬೇರೆ ಬೇರೆ ಕಡೆಗಳಿಂದ ಪ್ರಶ್ನಿಸಿದರು; ವರ್ಷ ಮುಗಿಯುವುದರೊಳಗೆ ಹಂಟಿಂಗ್ಟನ್ ಅವರಿಗೆಲ್ಲ ಉತ್ತರಿಸಿದರು. 2014ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಜಾನ್ ಮಿಯರ್‌ಶೈಮರ್, ಉಕ್ರೇನ್ ಬಿಕ್ಕಟ್ಟಿಗೆ ಅಮೆರಿಕ ನೇತೃತ್ವದ ಸೇನಾ ಕೂಟವಾದ ನೇಟೋದ ವಿಸ್ತರಣೆಗೆ ಹೊರಟ ಪಶ್ಚಿಮ ರಾಷ್ಟ್ರಗಳೇ ಹೊಣೆ ಎಂದು ಬರೆದಾಗಲೂ ಹೀಗೇ ಆಯಿತು. ಅದೇ ವರ್ಷದವರೆಗೆ ಮಾಸ್ಕೋದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ, ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಮೆಕ್‌ಫಾಲ್ ಮತ್ತು ಅಮೆರಿಕದ ಮಾಜಿ ರಾಜತಾಂತ್ರಿಕ ಸ್ಟೀಫನ್ ಸೆಸ್ಟನೋವಿಚ್ ಅದನ್ನು ಬಲವಾಗಿ ಅಲ್ಲಗಳೆದರು. ರಷ್ಯಾದ ನಡೆಗೆ ಹೊರಗಿನ ಒತ್ತಡ ಕಾರಣವೋ, ಪುಟಿನ್ ಅವರ ಆಂತರಿಕ ರಾಜಕೀಯ ಕಾರಣವೋ ಎಂಬ ಪ್ರಶ್ನೆಯಲ್ಲಿ ದೇಶಗಳ ನಡುವಿನ ಬಲಾಬಲವೇ ಮುಖ್ಯವೆನ್ನುವ ವಾಸ್ತವವಾದಕ್ಕೂ ಅದರ ವಿರೋಧಿಗಳಿಗೂ ಇರುವ ಭೇದ ಹರಳುಗಟ್ಟಿದಂತೆ ಕಾಣುತ್ತದೆ. ಈ ಎರಡು ಬರಹಗಳನ್ನು ತರಗತಿಯಲ್ಲಿ ಜೊತೆಯಾಗಿ ಓದಿಸಿದರೆ, ಸಿದ್ಧಾಂತದ ಒಂದು ಇಡೀ ಅಧ್ಯಾಯಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನೊಂದು ಚಿಕ್ಕ ಅಂಕಣವೂ ನನಗೆ ಬಹಳ ಮೆಚ್ಚುಗೆಯದು. ಒಂದು ಖಚಿತ ಹೇಳಿಕೆಯನ್ನು ಹಲವು ತಜ್ಞರ ಮುಂದಿಟ್ಟು, ಒಪ್ಪುವಿರಾ ಇಲ್ಲವೇ ಎಂದು ಕೇಳುವುದರ ಜೊತೆಗೆ, ನಿಮ್ಮ ಅಭಿಪ್ರಾಯದಲ್ಲಿ ನಿಮಗೆ ಎಷ್ಟು ವಿಶ್ವಾಸವಿದೆ ಎಂದೂ ಅಂಕಿಯಲ್ಲಿ ನಮೂದಿಸಲು ಅಲ್ಲಿ ಕೇಳಲಾಗುತ್ತದೆ. ಪಾಂಡಿತ್ಯವಿದ್ದವರೂ ತಮ್ಮ ಅನಿಶ್ಚಿತತೆಯನ್ನು ಬಹಿರಂಗವಾಗಿ ಅಳೆದು ಹೇಳುವ ಈ ಪದ್ಧತಿ, ದೂರದರ್ಶನದ ಚರ್ಚೆಗಳಲ್ಲಿ ಎಲ್ಲರೂ ಸಮಾನ ಖಚಿತತೆಯಿಂದ ಮಾತನಾಡುವುದನ್ನು ಕೇಳಿ ದಣಿದವರಿಗೆ ದೊಡ್ಡ ಸಮಾಧಾನ.

ಇನ್ನು ಕೊರತೆಗಳು. ಈ ಪತ್ರಿಕೆಯಲ್ಲಿ ಬರೆಯುವವರಲ್ಲಿ ಅನೇಕರು ವಿಶ್ವವಿದ್ಯಾಲಯಕ್ಕೂ ಸರ್ಕಾರಕ್ಕೂ ನಡುವೆ ಓಡಾಡುವವರು. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕಿ ಕಾಂಡೊಲೀಸಾ ರೈಸ್ 2000ದ ಮೊದಲ ಸಂಚಿಕೆಯಲ್ಲಿ ರಿಪಬ್ಲಿಕನ್ ಆಡಳಿತದ ವಿದೇಶಾಂಗ ನೀತಿ ಹೇಗಿರಬೇಕೆಂದು ಬರೆದರು. ಮರುವರ್ಷ ಅವರೇ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಇಂಥ ಲೇಖನಗಳನ್ನು ವಿದ್ವತ್ತಿನ ಫಲವೆಂದು ಮಾತ್ರವಲ್ಲದೆ, ಅಧಿಕಾರಕ್ಕೆ ಸಲ್ಲಿಸಿದ ಪ್ರಸ್ತಾವನೆ ಎಂದೂ ಓದುವ ಎಚ್ಚರ ಬೇಕಾಗುತ್ತದೆ. ಇರಾಕ್ ಯುದ್ಧದ ಸಂದರ್ಭ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 2002ರ ಮಾರ್ಚ್–ಏಪ್ರಿಲ್ ಸಂಚಿಕೆಯಲ್ಲಿ, ಹಿಂದೆ ಸಿಐಎ ವಿಶ್ಲೇಷಕರಾಗಿದ್ದ ಕೆನೆತ್ ಪೊಲಾಕ್ ಇರಾಕ್ ಮೇಲೆ ದಾಳಿ ನಡೆಸಬೇಕೆಂದು ವಾದಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಿಯರ್‌ಶೈಮರ್, ಕೆನೆತ್ ವಾಲ್ಟ್ಜ್, ಸ್ಟೀಫನ್ ವಾಲ್ಟ್ ಸೇರಿದಂತೆ 33 ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸರು ಆ ಯುದ್ಧ ಅಮೆರಿಕದ ಹಿತಕ್ಕೆ ವಿರುದ್ಧ ಎಂದು ಹೇಳಲು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಬೇಕಾಯಿತು. ತಮ್ಮ ವಿಷಯದಲ್ಲಿ ಅಗ್ರಗಣ್ಯರಾದವರೇ ಮಾತು ಕೇಳಿಸಲು ಜಾಹೀರಾತಿನ ಮೊರೆ ಹೋಗಬೇಕಾಯಿತೆಂಬ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ.

ಲೇಖನಗಳಿಗೆ ಅಡಿಟಿಪ್ಪಣಿಗಳಿಲ್ಲದಿರುವುದು ಸಾಮಾನ್ಯ ಓದುಗರಿಗೆ ಅನುಕೂಲ, ಸಂಶೋಧಕರಿಗೆ ಅಡ್ಡಿ. ಅಂಕಿ ಅಂಶ ಎಲ್ಲಿಂದ ಬಂತೆಂದು ಪರಿಶೀಲಿಸಬೇಕಾದವರು ‘ಇಂಟರ್‌ನ್ಯಾಷನಲ್ ಸೆಕ್ಯುರಿಟಿ’ಯಂಥ ವಿದ್ವತ್ ಪತ್ರಿಕೆಗಳಿಗೇ ಹೋಗಬೇಕು. ಇಲ್ಲಿ ವಿದ್ಯಾಲಯಗಳ ಬದುಕಿಗೆ ಸಂಬಂಧಿಸಿದ ಒಂದು ದುಃಖಕರ ವಿಷಯವಿದೆ. ತಜ್ಞರ ಪರಾಮರ್ಶೆಗೆ ಒಳಗಾದ ಲೇಖನಗಳೇ ನೇಮಕಾತಿಗೂ ಬಡ್ತಿಗೂ ಲೆಕ್ಕಕ್ಕೆ ಬರುವುದರಿಂದ, ಯುವ ಅಧ್ಯಾಪಕರು ಸಾರ್ವಜನಿಕರಿಗಾಗಿ ಬರೆಯಲು ಸಮಯ ಕೊಟ್ಟರೆ ಅದು ತಮ್ಮ ವೃತ್ತಿಗೆ ನಷ್ಟವೆಂದೇ ಭಾವಿಸುತ್ತಾರೆ. ವಿದ್ವಾಂಸರು ಅಂಚಿಗೆ ಸರಿದಿದ್ದಾರೆಂದು ಜೋಸೆಫ್ ನೈ 2009ರಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದು, ಅದಕ್ಕೆ ಸರ್ಕಾರಕ್ಕಿಂತ ವಿದ್ವತ್ ವಲಯವೇ ಹೆಚ್ಚು ಹೊಣೆ ಎಂದು ವಾದಿಸಿದ್ದರು. ಎರಡು ಆಡಳಿತಗಳಲ್ಲಿ ದುಡಿದು ಹಾರ್ವರ್ಡ್‌ಗೆ ಮರಳಿದ್ದ ಅವರು, 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವ ಮೊದಲು ರಾಬರ್ಟ್ ಕೊಹೇನ್ ಜೊತೆ ಸೇರಿ ಬರೆದ ಕೊನೆಯ ಲೇಖನಗಳಲ್ಲೊಂದು ಇದೇ ಪತ್ರಿಕೆಯಲ್ಲಿ ಬಂತು. ಅಧ್ಯಾಪಕರ ಬಡ್ತಿಗೆ ಅಂಕ ಎಣಿಸುವ ನಮ್ಮ ಪದ್ಧತಿಯಲ್ಲೂ ಕನ್ನಡದ ದಿನಪತ್ರಿಕೆಗೆ ಬರೆದ ವಿದೇಶಾಂಗ ನೀತಿಯ ಪ್ರಬಂಧಕ್ಕೆ ಹೆಚ್ಚಿನ ಮನ್ನಣೆ ಸಿಗುವುದಿಲ್ಲ. ಈ ಸಮಸ್ಯೆಯನ್ನು ಫಾರಿನ್ ಅಫೇರ್ಸ್ ಅಪರೂಪಕ್ಕೊಮ್ಮೆ ಮಾತ್ರ ಮುಟ್ಟುತ್ತದೆ.

ಭಾರತದ ವಿಷಯದಲ್ಲಿ ಸಂಗ್ರಹ ಶ್ರೀಮಂತವಾಗಿದೆ, ಪ್ರಚಲಿತ ಸಂಚಿಕೆಗಳು ಅಷ್ಟಿಲ್ಲ. 1938ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ಭಾರತದ ಏಕತೆಯ ಬಗ್ಗೆ ಇಲ್ಲಿ ಬರೆದಿದ್ದರು. ಪೋಖ್ರಣ್ ಪರೀಕ್ಷೆಗಳಾದ ಕೆಲವೇ ತಿಂಗಳಲ್ಲಿ, 1998ರಲ್ಲಿ, ಜಸ್ವಂತ್ ಸಿಂಗ್ ‘ಪರಮಾಣು ವರ್ಣಭೇದ’ವನ್ನು, ಅಂದರೆ ಕೆಲವೇ ದೇಶಗಳು ಅಣ್ವಸ್ತ್ರ ಇಟ್ಟುಕೊಂಡು ಉಳಿದವರಿಗೆ ಅದನ್ನು ನಿರಾಕರಿಸುವುದನ್ನು, ವಿರೋಧಿಸಿ ಬರೆದ ಲೇಖನ ಭಾರತದ ನಿಲುವಿನ ಅತ್ಯಂತ ಸಂಯಮದ ಮಂಡನೆಗಳಲ್ಲಿ ಒಂದು. ಚೀನಾದ ವಿರುದ್ಧ ಭಾರತ ಅಮೆರಿಕದ ಪರ ಯುದ್ಧಕ್ಕಿಳಿಯುತ್ತದೆಂದು ಎಣಿಸುವುದು ತಪ್ಪು ಎಂದು ಭಾರತ ಮೂಲದ ಅಮೆರಿಕನ್ ತಜ್ಞ ಆಶ್ಲೇ ಟೆಲಿಸ್ 2023ರಲ್ಲಿ ವಾದಿಸಿದ್ದನ್ನು ದೆಹಲಿಯಲ್ಲೂ ಗಂಭೀರವಾಗಿ ಚರ್ಚಿಸಲಾಯಿತು. ಆದರೂ ಭಾರತವೆಂದರೆ ಅಮೆರಿಕಕ್ಕೆ ಉಪಯೋಗವಾಗುವುದೋ ಇಲ್ಲವೋ ಎಂಬ ದೃಷ್ಟಿಯೇ ಬಹುಪಾಲು ಲೇಖನಗಳಲ್ಲಿ ಮುಂದಿರುತ್ತದೆ. ನೇಪಾಳ, ಶ್ರೀಲಂಕಾ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಜನ, ಕಾವೇರಿಯಿಂದ ಬ್ರಹ್ಮಪುತ್ರದವರೆಗಿನ ನದಿ ವಿವಾದಗಳು ಒಂದು ದೇಶದ ಒಳಗೂ ಹೊರಗೂ ಹೇಗೆ ಬೇರೆ ಬೇರೆ ರೀತಿಯಲ್ಲಿ ಬಗೆಹರಿಯುತ್ತವೆ ಎಂಬ ಪ್ರಶ್ನೆ, ಇವಕ್ಕೆ ಭಾರತದ ವಿದ್ವಾಂಸರೇ ಬರೆಯುವ ಪತ್ರಿಕೆಗಳನ್ನು ಓದಬೇಕು.

ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿಭಾಗವಿರುವ ಕಾಲೇಜಿನ ಗ್ರಂಥಾಲಯಕ್ಕೆ ಈ ಚಂದಾವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಸ್ವಂತಕ್ಕೆ ತರಿಸಿಕೊಳ್ಳುವವರು ಮುದ್ರಿತ ಪ್ರತಿಯ ಬದಲು ಡಿಜಿಟಲ್ ಚಂದಾವನ್ನೇ ಆರಿಸಿಕೊಂಡರೆ ಸಾಕು. ಸಂಗ್ರಹವನ್ನು ತೆರೆಯುವ ಉದ್ದೇಶವಿಲ್ಲದೆ, ಹೊಸ ಸಂಚಿಕೆಯನ್ನಷ್ಟೇ ತಿರುವಿ ಹಾಕುವವರಿಗೆ ಇದು ದುಬಾರಿಯಾದೀತು.