ಮೂಗು ಹಿಡಿದು ನೋಡುವುದೋ, ದಿನವಿಡೀ ಎಚ್ಚರದಿಂದಿರುವುದೋ: ಅರಿವಿನ ಕನಸಿನ ಎರಡು ದಾರಿಗಳು

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ತಿಳಿಯುವುದನ್ನು ಲೂಸಿಡ್ ಡ್ರೀಮ್ ಎನ್ನುತ್ತಾರೆ. ನಾನಿಲ್ಲಿ ಅದನ್ನು ಅರಿವಿನ ಕನಸು ಎಂದು ಕರೆಯುತ್ತೇನೆ. ಅದಕ್ಕಾಗಿ ಹಗಲು ಹೊತ್ತು ಮಾಡಬೇಕಾದ ಅಭ್ಯಾಸದ ಬಗ್ಗೆ ಎರಡು ಪಕ್ಷಗಳಿವೆ. ದಿನಕ್ಕೆ ಹತ್ತಾರು ಸಲ ನಿಂತು, ನಾನೀಗ ಎಚ್ಚರವಾಗಿದ್ದೇನೆಯೋ ಕನಸಿನಲ್ಲಿದ್ದೇನೆಯೋ ಎಂದು ಕೇಳಿಕೊಂಡು, ಒಂದು ಸಣ್ಣ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು ಎನ್ನುವುದು ಒಂದು ಪಕ್ಷ. ಇದೇ ರಿಯಾಲಿಟಿ ಚೆಕ್. ಬಿಡಿ ಪರೀಕ್ಷೆಗಳಿಂದ ಪ್ರಯೋಜನವಿಲ್ಲ, ಕಣ್ಣಿಗೆ ಕಾಣುವುದು, ಕಿವಿಗೆ ಬೀಳುವುದು, ಕಾಲಡಿಯ ನೆಲ, ಒಳಗೆ ಹೊರಗೆ ಹೋಗುವ ಉಸಿರು, ಇವೆಲ್ಲವನ್ನೂ ದಿನವಿಡೀ ಗಮನಿಸುತ್ತಿದ್ದರೆ ಆ ಎಚ್ಚರ ತಾನಾಗಿ ಕನಸಿನೊಳಕ್ಕೂ ಹರಿಯುತ್ತದೆ ಎನ್ನುವುದು ಇನ್ನೊಂದು. ಈ ಎರಡನ್ನೂ, ಮತ್ತು ಎರಡರಿಂದ ಹುಟ್ಟಿದ ಮೂರನೆಯದೊಂದನ್ನು, ಕಳೆದ ಮಳೆಗಾಲದಲ್ಲಿ ಉಡುಪಿಯ ನನ್ನ ಮನೆಯಲ್ಲಿ ಮಾಡಿ ನೋಡಿದ್ದೇನೆ. ಜೂನ್ ಮೊದಲ ವಾರದಲ್ಲಿ ಆರಂಭಿಸಿ, ಒಂದೊಂದಕ್ಕೂ ಆರು ವಾರ ಕೊಟ್ಟೆ. ನನ್ನ ಮಟ್ಟಿಗೆ ಮೂರನೆಯದೇ ಮೇಲು.

ವಿಷಯಕ್ಕೆ ಹೊಸಬರಾದವರಿಗಾಗಿ ಎರಡು ಮಾತು. ಲೂಸಿಡ್ ಡ್ರೀಮ್ ಎಂಬ ಹೆಸರನ್ನು ಬಳಕೆಗೆ ತಂದವರು ಡಚ್ ಲೇಖಕ ಹಾಗೂ ಮನೋವೈದ್ಯ ಫ್ರೆಡೆರಿಕ್ ವಾನ್ ಈಡನ್, 1913ರಲ್ಲಿ. ಇದು ಬರೀ ಬಾಯಿಮಾತಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1975ರಲ್ಲಿ: ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕ ಕೀತ್ ಹರ್ನ್ ಅವರ ನಿದ್ದೆ ಅಳೆಯುವ ಯಂತ್ರಗಳ ಮುಂದೆ ಮಲಗಿದ್ದ ಆಲನ್ ವೋರ್ಸ್‌ಲಿ, ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿನಿಂದಲೇ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಆಡಿಸಿ ಸಂಕೇತ ಕಳುಹಿಸಿದರು. ಕನಸು ಗಾಢವಾಗಿರುವ ಆರ್‌ಇಎಂ (ರ್‍ಯಾಪಿಡ್ ಐ ಮೂವ್‌ಮೆಂಟ್) ನಿದ್ದೆಯಲ್ಲಿ ಮೈಯ ಸ್ನಾಯುಗಳು ಬಹುಮಟ್ಟಿಗೆ ಸಡಿಲವಾಗಿ ಅಲುಗಾಡದಂತಿದ್ದರೂ ಕಣ್ಣು ಆಡುತ್ತದೆ, ಆದ್ದರಿಂದಲೇ ಈ ಉಪಾಯ ಫಲಿಸಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಅದನ್ನೇ ಸ್ವತಂತ್ರವಾಗಿ ತೋರಿಸಿಕೊಟ್ಟರು.

ಹೋಲಿಕೆ ನ್ಯಾಯವಾಗಿರಲೆಂದು ಕೆಲವನ್ನು ಬದಲಿಸದೆ ಇಟ್ಟುಕೊಂಡಿದ್ದೆ. ರಾತ್ರಿ ಹತ್ತೂವರೆಗೆ ಮಲಗುವುದು, ಬೆಳಿಗ್ಗೆ ಐದೂವರೆಗೆ ಏಳುವುದು, ಎದ್ದ ಕೂಡಲೇ ಮೊಬೈಲ್ ಮುಟ್ಟದೆ, ಹಾಸಿಗೆಯ ಪಕ್ಕದ ನೋಟ್‌ಬುಕ್ಕಿನಲ್ಲಿ ನೆನಪಿರುವಷ್ಟು ಕನಸನ್ನು ಬರೆಯುವುದು. ಆರ್‌ಇಎಂ ನಿದ್ದೆ ಸುಮಾರು ಒಂದೂವರೆ ಗಂಟೆಗೊಮ್ಮೆ ಮರಳಿ ಬರುತ್ತದೆ, ಬೆಳಗಾಗುತ್ತಾ ಬಂದಂತೆ ಅದರ ಅವಧಿ ಹೆಚ್ಚುತ್ತದೆ. ಹಂಚಿನ ಮಾಡಿನ ಮೇಲೆ ಜಡಿಮಳೆ ಬಡಿಯುವ ನಸುಕಿನಲ್ಲಿ ಮತ್ತೆ ಮತ್ತೆ ಎಚ್ಚರವಾಗುತ್ತಿದ್ದುದು ಬರವಣಿಗೆಗೆ ಅನುಕೂಲವೇ ಆಯಿತು.

ಮೊದಲ ಆರು ವಾರ ಗಡಿಯಾರದ ಲೆಕ್ಕದ ರಿಯಾಲಿಟಿ ಚೆಕ್. ಮೊಬೈಲಿನಲ್ಲಿ ದಿನಕ್ಕೆ ಹತ್ತು ಅಲಾರಂ ಇಟ್ಟು, ಅದು ಸದ್ದು ಮಾಡಿದಾಗಲೆಲ್ಲ ಪರೀಕ್ಷೆ ಮಾಡುತ್ತಿದ್ದೆ. ಪರೀಕ್ಷೆಗಳಲ್ಲಿ ಯಾವುದು ಒಳ್ಳೆಯದು ಎಂಬುದೇ ಪ್ರತ್ಯೇಕ ಪ್ರಶ್ನೆ, ಮತ್ತು ಅದರ ಉತ್ತರ ಅವರವರ ಊರು, ಕೆಲಸಗಳ ಮೇಲೆ ನಿಂತಿದೆ ಎಂದು ನಾನು ಕಂಡುಕೊಂಡೆ. ಕನಸಿನಲ್ಲಿ ದೀಪದ ಸ್ವಿಚ್ ಒತ್ತಿದರೆ ಬೆಳಕು ಸರಿಯಾಗಿ ಬರುವುದಿಲ್ಲ ಎಂಬುದನ್ನು ಹರ್ನ್ ಅವರೇ 1981ರಲ್ಲಿ ಬರೆದಿದ್ದಾರೆ. ಅದನ್ನು ನಂಬಿ ಅನೇಕರು ಸ್ವಿಚ್ ಒತ್ತಿ ನೋಡುವ ಅಭ್ಯಾಸ ಮಾಡುತ್ತಾರೆ. ಆದರೆ ಕರಾವಳಿಯ ಮಳೆಗಾಲದಲ್ಲಿ ಗಾಳಿ ಬೀಸಿದರೆ ಕರೆಂಟು ಹೋಗುವುದು ದಿನನಿತ್ಯದ ಮಾತು. ಕನಸಿನಲ್ಲಿ ಒಂದು ಸಲ ಸ್ವಿಚ್ ಒತ್ತಿ, ಬೆಳಕು ಬಾರದಿದ್ದಾಗ, ಎಲ್ಲೋ ಮರ ಬಿದ್ದಿರಬೇಕು ಎಂದುಕೊಂಡು ಕತ್ತಲಲ್ಲೇ ಬೆಂಕಿಪೆಟ್ಟಿಗೆ ಹುಡುಕಿದೆ. ಸಂಶಯದ ಎಳೆಯೂ ಸುಳಿಯಲಿಲ್ಲ.

ಎರಡನೆಯದು ಓದುವ ಪರೀಕ್ಷೆ. ಕನಸಿನಲ್ಲಿ ಒಂದು ಸಾಲನ್ನು ಓದಿ, ಕಣ್ಣು ತೆಗೆದು ಮತ್ತೆ ಓದಿದರೆ ಅಕ್ಷರಗಳು ಬದಲಾಗಿರುತ್ತವೆ ಎನ್ನುತ್ತಾರೆ, ಅದು ಬಹುಮಟ್ಟಿಗೆ ನಿಜ. ಆದರೆ ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಜುಲೈ ಮೊದಲ ವಾರದ ಒಂದು ಕನಸಿನಲ್ಲಿ ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎದುರಿಗೆ ಬಂದ ಬಸ್ಸಿನ ಬೋರ್ಡು ‘ಮಲ್ಪೆ’ ಎಂದಿತ್ತು, ಮತ್ತೆ ನೋಡಿದರೆ ‘ಮಪ್ಲೆ’, ಮೂರನೆಯ ಸಲ ನೋಡಿದಾಗ ಕೊನೆಯ ಅಕ್ಷರಕ್ಕೆ ದೀರ್ಘ ಬೇರೆ. ಹಗಲಿನಲ್ಲಿ ದಿನಕ್ಕೆ ಹತ್ತು ಸಲ ಯಾವುದನ್ನು ಕಾಯುತ್ತಿದ್ದೆನೋ ಅದೇ ಕಣ್ಣೆದುರಿಗಿತ್ತು. ನಾನು ಮಾಡಿದ್ದೇನೆಂದರೆ ಕಿಸೆಯಲ್ಲಿ ಕೆಂಪು ಪೆನ್ನು ಹುಡುಕಿದ್ದು. ತಪ್ಪಕ್ಷರವೆಂದರೆ ನನಗೆ ತಿದ್ದಬೇಕಾದ ಕೆಲಸ, ಲೋಕವನ್ನು ಸಂಶಯಿಸಲು ಕಾರಣವಲ್ಲ. ಆ ದಿನ ನೋಟ್‌ಬುಕ್ಕಿನಲ್ಲಿ ಇದನ್ನು ಬರೆಯುವಾಗ ನನಗೆ ನಿಜಕ್ಕೂ ಬೇಸರವಾಯಿತು, ಆದರೆ ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಕಲಿಸಿದ ಕನಸು ಅದೇ: ಯಾವ ವಿಚಿತ್ರಕ್ಕೆ ನಮ್ಮ ದಿನದ ಬದುಕಿನಲ್ಲಿ ಸಿದ್ಧ ಸಮಾಧಾನ ಇದೆಯೋ ಅದು ನಮ್ಮನ್ನು ಕನಸಿನಲ್ಲಿ ಎಬ್ಬಿಸುವುದಿಲ್ಲ.

ಉಳಿದದ್ದು ಮೂಗಿನ ಪರೀಕ್ಷೆ. ಬಾಯಿ ಮುಚ್ಚಿ, ಎರಡು ಬೆರಳಿನಿಂದ ಮೂಗಿನ ಹೊಳ್ಳೆಗಳನ್ನು ಒತ್ತಿ ಹಿಡಿದು ಉಸಿರೆಳೆಯಲು ನೋಡುವುದು. ಎಚ್ಚರದಲ್ಲಿ ಉಸಿರು ಬರುವುದಿಲ್ಲ. ಕನಸಿನಲ್ಲಿ ಬರುತ್ತದೆ, ಏಕೆಂದರೆ ಹಾಸಿಗೆಯ ಮೇಲಿರುವ ನಿಜವಾದ ಮೂಗನ್ನು ಯಾರೂ ಹಿಡಿದಿಲ್ಲ. ಇದಕ್ಕೆ ಕರೆಂಟಿನ ನೆಪವೂ ಇಲ್ಲ, ಮುದ್ರಣದೋಷದ ನೆಪವೂ ಇಲ್ಲ. ಅಂಗೈಗೆ ಬೆರಳು ಚುಚ್ಚಿ ಆಚೆ ಹೋಗುವುದೇ ಎಂದು ನೋಡುವ ಪರೀಕ್ಷೆಗಿಂತಲೂ ಇದು ನನಗೆ ನಂಬಿಗಸ್ತವಾಗಿ ಕಂಡಿತು. ಕನಸಿನಲ್ಲಿ ಎರಡು ಸಲ ಅಂಗೈ ಗಟ್ಟಿಯಾಗಿಯೇ ಇದ್ದು ನನ್ನನ್ನು ಮೋಸಗೊಳಿಸಿತ್ತು. ಮನೆಯಲ್ಲಿ ಮಾತ್ರ ವಿವರಣೆ ಕೊಡಬೇಕಾಯಿತು. “ಆಗಿಂದ ಮೂಗು ಹಿಡ್ಕೊಂಡು ಎಂಥ ಮಾಡುದು ನೀನು, ಶೀತ ಆಗಿದಾ?” ಎಂದು ಅಮ್ಮ ಕಷಾಯಕ್ಕೆ ಕಾಳುಮೆಣಸು ಜಜ್ಜಲು ಹೊರಟಿದ್ದರು.

ಆ ಆರು ವಾರಗಳಲ್ಲಿ ಬರೆದಿಟ್ಟ ಕನಸು 31. ಪರೀಕ್ಷೆ ಮಾಡುವ ಅಭ್ಯಾಸ ಅದರಲ್ಲಿ ನಾಲ್ಕು ಕನಸಿಗೆ ಬಂದಿತ್ತು, ಅರಿವು ಮೂಡಿದ್ದು ಒಂದರಲ್ಲಿ, ಅದೂ ಮೂಗಿನಿಂದ. ಅಭ್ಯಾಸ ಕನಸಿನೊಳಕ್ಕೆ ಬಂದರೂ ಅದರ ಹಿಂದಿನ ಪ್ರಶ್ನೆ ಬರಲಿಲ್ಲ ಎಂಬುದು ಇದರ ದೊಡ್ಡ ದೋಷ. ಅಲಾರಂ ಕೇಳಿ ಮೂಗು ಹಿಡಿಯುವವನಿಗೆ ತಾನು ಎಚ್ಚರವಾಗಿರುವುದು ಮೊದಲೇ ಖಚಿತವಿರುತ್ತದೆ. ಕನಸಿನಲ್ಲೂ ಆ ಖಚಿತತೆಯೇ ಅವನ ಜೊತೆಗೆ ಹೋಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಥೋಲೈ ಈ ವಿಧಾನವನ್ನು ರೂಪಿಸಿದಾಗ ಒತ್ತು ಕೊಟ್ಟದ್ದು ಪರೀಕ್ಷೆಗಲ್ಲ, ವಿಮರ್ಶೆಯ ಪ್ರಶ್ನೆಗೆ. ನಾವು ಪ್ರಶ್ನೆಯನ್ನು ಬಿಟ್ಟು ಪರೀಕ್ಷೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. 2017ರಲ್ಲಿ ಪ್ರಕಟವಾದ ಡೆನ್ಹಮ್ ಆಸ್ಪಿ ಅವರ ಆಸ್ಟ್ರೇಲಿಯಾದ ಅಧ್ಯಯನದಲ್ಲಿಯೂ ರಿಯಾಲಿಟಿ ಚೆಕ್ ಒಂದನ್ನೇ ಮಾಡಿದವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಜುಲೈ ಮಧ್ಯದಿಂದ ಅಲಾರಂಗಳನ್ನೆಲ್ಲ ತೆಗೆದುಹಾಕಿ ಹಗಲಿನ ಎಚ್ಚರಕ್ಕೆ ತೊಡಗಿದೆ. ಕಲ್ಸಂಕದಲ್ಲಿ ಬಸ್ಸಿಳಿದು ನಡೆಯುವಾಗ ಕೊಡೆಯ ಮೇಲೆ ಬೀಳುವ ಹನಿ, ಚಪ್ಪಲಿಯಡಿಯ ಕೆಸರಿನ ಜಾರು, ಹೋಟೆಲಿನ ಬಾಗಿಲಿನಿಂದ ಬರುವ ಸಾಂಬಾರಿನ ವಾಸನೆ, ಇವುಗಳನ್ನು ಒಂದನ್ನೂ ಬಿಡದೆ ಅರಿಯುತ್ತಾ ಹೋಗುವುದು ಮೊದಲ ವಾರ ಹಬ್ಬದಂತಿತ್ತು. ಎರಡನೆಯ ವಾರದಿಂದ ಆಯಾಸ ಆರಂಭವಾಯಿತು. ಕರಡು ತಿದ್ದುವಾಗ ಸಾಲಿನ ಮೇಲೂ ಸಾಲನ್ನು ಓದುತ್ತಿರುವ ನನ್ನ ಮೇಲೂ ಗಮನ ಇಡುವುದು ಸಾಧ್ಯವಿಲ್ಲ; ಒಂದು ಫಾರಮಿನಲ್ಲಿ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆಯಲ್ಲಿ) ಮೂರು ತಪ್ಪುಗಳು ಉಳಿದುಹೋದ ಮೇಲೆ, ಕೆಲಸದ ಹೊತ್ತನ್ನು ಬಿಟ್ಟು ಉಳಿದ ಸಮಯದಲ್ಲಿ ಮಾತ್ರ ಅಭ್ಯಾಸ ಮಾಡಲು ನಿಶ್ಚಯಿಸಿದೆ. ದಿನವಿಡೀ ಎಂಬ ಮಾತು ಕೈಕೆಲಸ ಮಾಡುವವರಿಗೆ ಹೊಂದಬಹುದು, ಕಣ್ಣಿಟ್ಟು ಓದುವವರಿಗೆ ಹೊಂದದು.

ಆದರೂ ಇದರ ಫಲವನ್ನು ಕಡಿಮೆ ಮಾಡಿ ಹೇಳಲಾರೆ. ಆ ಆರು ವಾರಗಳಲ್ಲಿ ಬರೆದಿಟ್ಟ ಕನಸು 58, ಹಿಂದಿನದರ ಸುಮಾರು ಎರಡು ಪಾಲು, ಮತ್ತು ಕನಸುಗಳಲ್ಲಿ ವಾಸನೆ, ತಂಪು, ಬಟ್ಟೆಯ ಒದ್ದೆ ಇವೆಲ್ಲ ಸೇರಿಕೊಂಡಿದ್ದವು. ಅರಿವು ಮೂಡಿದ್ದು ಎರಡರಲ್ಲಿ ಮಾತ್ರ, ಆದರೆ ಅವುಗಳ ಗುಣವೇ ಬೇರೆ. ಯಾವ ಪರೀಕ್ಷೆಯೂ ಇಲ್ಲದೆ, ಅಜ್ಜಿಮನೆಯ ಚಾವಡಿಯಲ್ಲಿ ಕೂತು ಅಂಗಳದ ಮಳೆ ನೋಡುತ್ತಿದ್ದಾಗ, ಇದು ಕನಸು ಎಂಬ ತಿಳಿವು ಸದ್ದಿಲ್ಲದೆ ಬಂದು ಉಳಿಯಿತು. ಎದೆ ಹೊಡೆದುಕೊಳ್ಳಲಿಲ್ಲ, ಕನಸು ಚದುರಲಿಲ್ಲ. ಇಂಥ ಕನಸಿನ ಬಗ್ಗೆ ಯೋಚಿಸುವಾಗ ಈ ಊರಿನವನಾದ ನನಗೆ ಆಚಾರ್ಯ ಮಧ್ವರ ನಿಲುವು ನೆನಪಾಗುತ್ತದೆ. ಕನಸಿನಲ್ಲಿ ಕಂಡ ವಸ್ತುಗಳು ಮಿಥ್ಯೆಯಲ್ಲ, ಮನಸ್ಸಿನಲ್ಲಿರುವ ವಾಸನೆಗಳಿಂದ, ಎಂದರೆ ಹಿಂದಿನ ಅನುಭವಗಳು ಉಳಿಸಿದ ಸಂಸ್ಕಾರಗಳಿಂದ ಆದವು ಅವು. ಅವುಗಳನ್ನು ಎಚ್ಚರದ ವಸ್ತುಗಳೆಂದು ತಿಳಿಯುವುದಷ್ಟೇ ಭ್ರಮೆ ಎನ್ನುತ್ತದೆ ದ್ವೈತ ಸಿದ್ಧಾಂತ. ಚಾವಡಿಯಲ್ಲಿ ಕೂತಿದ್ದಾಗ ಕಳಚಿಬಿದ್ದದ್ದು ಆ ಭ್ರಮೆ ಒಂದೇ. ಮಳೆ, ಅಂಗಳ, ಅಡಿಕೆ ಹಾಳೆಯ ಮೇಲೆ ಬೀಳುವ ಹನಿಯ ಸದ್ದು ಎಲ್ಲವೂ ಇದ್ದಲ್ಲೇ ಇದ್ದವು.

ಹಾಗಾದರೆ ಇನ್ನೂ ಕೆಲವು ತಿಂಗಳು ಇದನ್ನೇ ಮುಂದುವರಿಸಬಹುದಿತ್ತಲ್ಲ ಎಂದು ಕೇಳಬಹುದು. 2019ರಲ್ಲಿ ಬೆಂಜಮಿನ್ ಬೇರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಬಹುಕಾಲ ಧ್ಯಾನ ಮಾಡಿದವರಿಗೆ ಅರಿವಿನ ಕನಸು ಹೆಚ್ಚು, ಆದರೆ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಈ ಹಗಲಿನ ಎಚ್ಚರದಂಥದೇ ಗಮನದ ಅಭ್ಯಾಸ) ತರಬೇತಿ ಪಡೆದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ನನ್ನ ಆರು ವಾರದ ಅನುಭವವೂ ಇದಕ್ಕೆ ಹೊಂದುತ್ತದೆ: ಇದು ವರ್ಷಗಳ ದಾರಿ.

ಮೂರನೆಯದಕ್ಕೆ ನಾನು ಬಂದದ್ದು ನೋಟ್‌ಬುಕ್ಕಿನ ಮೂಲಕ. ಆಗಸ್ಟ್ ಕೊನೆಯಲ್ಲಿ ಹಿಂದಿನ 89 ಕನಸುಗಳನ್ನು ಒಟ್ಟಿಗೆ ಓದಿದಾಗ, ಹನ್ನೊಂದರಲ್ಲಿ ನನ್ನ ಚಪ್ಪಲಿ ಕಾಣೆಯಾಗಿರುವುದು ಕಂಡಿತು. ದೇವಸ್ಥಾನದ ಹೊರಗೆ, ಮದುವೆ ಹಾಲಿನ ಬಾಗಿಲಲ್ಲಿ, ಗದ್ದೆಯ ಹುಣಿಯಲ್ಲಿ, ಎಲ್ಲೆಲ್ಲೋ ಬರಿಗಾಲಲ್ಲಿ ಹುಡುಕುತ್ತಿದ್ದೆ. ಲಾಬರ್ಜ್ ಇದನ್ನು ಕನಸಿನ ಗುರುತು ಎನ್ನುತ್ತಾರೆ. ಅಲಾರಂ ಬಿಟ್ಟು, ಇನ್ನು ಮೇಲೆ ಚಪ್ಪಲಿ ಕಳಚುವಾಗ ಮತ್ತು ಮೆಟ್ಟುವಾಗ ಮಾತ್ರ ಪರೀಕ್ಷೆ ಎಂದು ಗೊತ್ತುಮಾಡಿಕೊಂಡೆ. ಮನೆ, ಮುದ್ರಣಾಲಯ, ಮಠ, ಅಕ್ಕನ ಮನೆ ಎಂದು ದಿನಕ್ಕೆ ಎಂಟು ಹತ್ತು ಸಲ ಆಗುತ್ತಿತ್ತು. ಪ್ರತಿಸಲವೂ ಮೊದಲು ಅರ್ಧ ನಿಮಿಷ ಹಗಲಿನ ಎಚ್ಚರ: ಕಾಲಡಿಯಲ್ಲಿ ಏನಿದೆ, ಇಲ್ಲಿಗೆ ಹೇಗೆ ಬಂದೆ, ಬರುವ ದಾರಿ ನೆನಪಿದೆಯೇ. ಆಮೇಲೆ, ಇದು ಕನಸಾಗಿರಲು ಸಾಧ್ಯ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು ಮೂಗು ಹಿಡಿಯುವುದು. ಆ ಒಪ್ಪಿಗೆ ಬರದ ದಿನಗಳಲ್ಲಿ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಿದ್ದೆ.

ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಮುಗಿದ ವಾರದ ಒಂದು ನಸುಕಿನಲ್ಲಿ ಫಲ ಸಿಕ್ಕಿತು. ರಥಬೀದಿಯಲ್ಲಿ ನಿಂತಿದ್ದೆ, ಹುಲಿವೇಷದ ತಾಸೆಯ ಬಡಿತ ಎಲ್ಲೋ ಹತ್ತಿರದಲ್ಲೇ ಕೇಳುತ್ತಿತ್ತು, ಆದರೆ ಬೀದಿಯಲ್ಲಿ ಜನವಿರಲಿಲ್ಲ. ಅಂಗಾಲಿಗೆ ಒದ್ದೆ ಕಲ್ಲಿನ ತಂಪು ತಾಗಿತು. ಚಪ್ಪಲಿ ಎಲ್ಲಿ ಎಂದು ಹುಡುಕಲು ಬಗ್ಗಿದವನಿಗೆ, ಇಲ್ಲಿಗೆ ಹೇಗೆ ಬಂದೆ ಎಂಬ ಪ್ರಶ್ನೆ ಅಭ್ಯಾಸಬಲದಿಂದ ಎದ್ದಿತು, ಉತ್ತರವಿರಲಿಲ್ಲ. ಮೂಗು ಹಿಡಿದೆ. ಬೆರಳುಗಳ ಒತ್ತು ಮೂಗಿನ ಮೇಲೆ ಸ್ಪಷ್ಟವಾಗಿರುವಾಗಲೇ ಉಸಿರು ಸರಾಗವಾಗಿ ಒಳಗೆ ಬಂದಿತು, ಎಣ್ಣೆದೀಪದ ಕಮಟಿನೊಂದಿಗೆ. ಸಂತೋಷಕ್ಕೆ ದೃಶ್ಯ ತೆಳುವಾಗತೊಡಗಿದಾಗ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದೆ, ಇದು ಕನಸನ್ನು ಹಿಡಿದಿಡುವ ಪರಿಚಿತ ಉಪಾಯ. ಕಲ್ಲಿನ ಸಂದುಗಳಲ್ಲಿ ನಿಂತಿದ್ದ ನೀರು ಮತ್ತೆ ಹೊಳೆಯಿತು. ಮರದ ರಥದ ಹತ್ತಿರ ಹೋಗಿ ಅದರ ಗಾಲಿಯ ಮೇಲೆ ಕೈಯಿಟ್ಟು, ಮರದ ಗೆರೆಗಳನ್ನು ಬೆರಳಿನಿಂದ ಓದುತ್ತಾ ನಿಂತೆ. ತಾಸೆಯ ಸದ್ದು ಮಳೆಯ ಸದ್ದಾಗಿ ಬದಲಾದಾಗ ಎಚ್ಚರವಾಯಿತು. ಆಗ ಐದು ಗಂಟೆ ಹತ್ತು ನಿಮಿಷ.

ಆ ಆರು ವಾರಗಳಲ್ಲಿ ಬರೆದ 49 ಕನಸುಗಳಲ್ಲಿ ಆರು ಅರಿವಿನ ಕನಸುಗಳು. ಹಿಂದಿನ ಮೂರು ತಿಂಗಳ ಅಭ್ಯಾಸದ ಫಲವೇ ಇಲ್ಲಿ ಸಿಕ್ಕಿರಬಹುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು, ಅದಕ್ಕಾಗಿಯೇ ಅಕ್ಟೋಬರಿನಲ್ಲಿ ಮೂರು ವಾರ ಮತ್ತೆ ಅಲಾರಂ ವಿಧಾನಕ್ಕೆ ಮರಳಿದೆ. ಒಂದೂ ಬರಲಿಲ್ಲ. ಒಬ್ಬನ ನೋಟ್‌ಬುಕ್ಕಿನಿಂದ ಎಲ್ಲರಿಗೂ ನಿಯಮ ಹೇಳಲಾಗದು, ಆದರೆ ನನ್ನ ಸಂಶಯ ಇದರಿಂದ ಬಹುಪಾಲು ನೀಗಿತು.

ಐದು ಗಂಟೆ ನಿದ್ದೆ ಮಾಡಿ ಎದ್ದು, ಮುಂದಿನ ಕನಸಿನಲ್ಲಿ ಅದು ಕನಸೆಂದು ನೆನಪಿಸಿಕೊಳ್ಳುತ್ತೇನೆ ಎಂದು ಸಂಕಲ್ಪಿಸಿ ಮತ್ತೆ ಮಲಗುವ ಲಾಬರ್ಜ್ ಅವರ ವಿಧಾನ ಆಸ್ಪಿ ಅವರ ಅಧ್ಯಯನದಲ್ಲಿ ಹೆಚ್ಚು ಫಲ ಕೊಟ್ಟಿದೆ. ನಾನು ಅದನ್ನು ನಾಲ್ಕು ರಾತ್ರಿ ಮಾಡಿ ನಿಲ್ಲಿಸಿದೆ, ಮರುದಿನದ ಕಣ್ಣುರಿಯಲ್ಲಿ ಕರಡು ಓದಲು ಆಗುತ್ತಿರಲಿಲ್ಲ. ನಿದ್ದೆಯ ತೊಂದರೆ ಇರುವವರು ಅದರ ಗೊಡವೆಗೆ ಹೋಗಬಾರದು. ನಿಜ ಯಾವುದು, ಕಲ್ಪನೆ ಯಾವುದು ಎಂಬ ಗೊಂದಲಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಈ ಮೂರರಲ್ಲಿ ಯಾವುದನ್ನೂ ಆರಂಭಿಸಬಾರದು. ಪರೀಕ್ಷೆಯೂ ಮೂಗು ಹಿಡಿಯುವಂಥ ನಿರಪಾಯದ್ದೇ ಆಗಿರಬೇಕು, ಎತ್ತರದಿಂದ ಹಾರಿ ನೋಡುವ ಯೋಚನೆ ಎಚ್ಚರದಲ್ಲಾಗಲಿ ಕನಸೆಂದು ಅನಿಸಿದಾಗಲಾಗಲಿ ಕೂಡದು.

ಹೊಸದಾಗಿ ಆರಂಭಿಸುವವರು ಮೊದಲ ತಿಂಗಳು ಯಾವ ಪರೀಕ್ಷೆಯನ್ನೂ ಮಾಡದೆ ಕನಸುಗಳನ್ನು ಬರೆಯುವುದಷ್ಟನ್ನೇ ಮಾಡಲಿ ಎಂದು ನಾನು ಹೇಳುತ್ತೇನೆ. ಯಾವುದು ಮರಳಿ ಮರಳಿ ಬರುತ್ತದೆ ಎಂಬುದು ಆ ಪುಟಗಳಲ್ಲೇ ಸಿಗುತ್ತದೆ. ನನ್ನ ಅಕ್ಕನಿಗೆ ಅದು ತಪ್ಪಿಹೋಗುವ ಬಸ್ಸು. ಅವಳೀಗ ಬಸ್ಸು ಹತ್ತುವ ಮುನ್ನ ಮೂಗು ಹಿಡಿದು ನೋಡುತ್ತಾಳೆ, ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ.