‘ಟಿಪ್ಪು ಪಿಸ್ತೂಲ್ ಜೋಡಿ’ ಅಂತ ಫೋಟೊ ಬಂದರೆ ದುಡ್ಡು ಹಾಕಬೇಡಿ: ಸಕಲೇಶಪುರ, ಮೂಡಿಗೆರೆ ಕಡೆಯವರು ದಯವಿಟ್ಟು ಓದಿ

ಟಿಪ್ಪು ಕಾಲದ ಪಿಸ್ತೂಲಿನ ನಕಲು, ಪೂರ್ತಿ ಕೈಕೆಲಸ, ಉದಯಪುರದ ಕುಸುರಿ ಅಂತ ಹೇಳಿಕೊಂಡು ಒಬ್ಬ ನಮ್ಮ ಕಡೆಯ ಎಸ್ಟೇಟಿನವರಿಗೆ, ಹೋಂಸ್ಟೇ ನಡೆಸೋರಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸ್ತಾ ಇದ್ದಾನೆ. ದಯವಿಟ್ಟು ದುಡ್ಡು ಹಾಕಬೇಡಿ. ನನ್ನ 38 ಸಾವಿರ ಹೋಗಿದೆ. ದೂರು ಕೊಟ್ಟಿರೋದರಿಂದ ಹೆಸರು ಬರೆಯೋದು ಬೇಡ ಅಂತ ವಕೀಲರು ಹೇಳಿದ್ದಾರೆ, ಬರೆಯಲ್ಲ. ಅವನ ಮಾತಿನ ವರಸೆ ಓದಿದರೆ ನಿಮಗೇ ಗುರುತು ಸಿಗುತ್ತೆ.

ನಮ್ಮ ಹೋಂಸ್ಟೇ ಸಕಲೇಶಪುರದ ಹತ್ತಿರ. ಬಂದ ಗೆಸ್ಟ್‌ಗಳು ಮಂಜರಾಬಾದ್ ಕೋಟೆ ನೋಡದೆ ಹೋಗೋದಿಲ್ಲ. ಟಿಪ್ಪು 1792ರಲ್ಲಿ ಕಟ್ಟಿಸಿದ ಆ ನಕ್ಷತ್ರಾಕಾರದ ಕೋಟೆ ನೋಡಿ ಬಂದವರು ರಾತ್ರಿ ಊಟಕ್ಕೆ ಕೂತಾಗ ಅದೇ ಕಾಲದ ವಿಷಯ ಕೇಳ್ತಾರೆ. ಹಾಲ್‌ನ ಗೋಡೆಗೆ ಒಂದು ಜೋಡಿ ಪಿಸ್ತೂಲು ಹಾಕಬೇಕು ಅಂತ ನನಗೆ ಬಹಳ ಆಸೆ ಇತ್ತು. ಅಸಲಿ ನಮ್ಮ ಕೈಗೆ ಸಿಗೋ ಮಾತಲ್ಲ. 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿ, ಬಂದೂಕು ಎಲ್ಲ ಸೇರಿ 60 ಲಕ್ಷ ಪೌಂಡಿಗೂ ಮೇಲೆ ಹೋದವು. ಅದಕ್ಕೇ ಒಳ್ಳೆ ನಕಲಾದರೆ ಸಾಕು ಅಂತ ಹುಡುಕಿದ್ದು. ಒಳ್ಳೆ ಕೈಕೆಲಸಕ್ಕೆ ದುಡ್ಡು ಕೊಡೋಕೆ ನನಗೆ ಬೇಜಾರಿಲ್ಲ. ಉದಯಪುರದ ಕೋಫ್ತ್‌ಗಾರಿ ಅಂದರೆ ಸಾಮಾನ್ಯ ಕೆಲಸ ಅಲ್ಲ. ಉಕ್ಕಿನ ಮೇಲೆ ಒತ್ತೊತ್ತಾಗಿ ಗೀರು ಹಾಕಿ, ಅದರೊಳಗೆ ಚಿನ್ನದ್ದೋ ಬೆಳ್ಳಿದ್ದೋ ಎಳೆ ಕೂರಿಸಿ ಬಡೀತಾರೆ. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಆ ಊರಿನದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಕೂಡ ಬಂದಿದೆ. ಆ ಕೆಲಸಗಾರರ ಹೆಸರು ಹೇಳಿಕೊಂಡು ಇವನು ಊಟ ಮಾಡ್ತಾ ಇದ್ದಾನೆ, ಅದೇ ನನಗೆ ಹೆಚ್ಚು ಉರಿಯೋದು.

ವ್ಯವಹಾರ ಮಾಮೂಲಿ ರೀತಿಯಲ್ಲೇ ಶುರುವಾಯ್ತು. ಅರ್ಧ ಮುಂಗಡ, ನಡುವೆ ಕೆಲಸದ ಫೋಟೊ, ಕಳಿಸೋ ಮುಂಚೆ ಬಾಕಿ. ಟಿಪ್ಪುವಿನ ಜೋಡಿ ಪಿಸ್ತೂಲುಗಳಲ್ಲಿ ಒಂದು ವಿಶೇಷ ಇದೆ. ಒಂದರ ಲಾಕು (ಮದ್ದಿಗೆ ಕಿಡಿ ಹೊತ್ತಿಸೋ ಭಾಗ) ಬಲಗಡೆ, ಇನ್ನೊಂದರದ್ದು ಎಡಗಡೆ, ಎದುರುಬದುರು ಇಟ್ಟರೆ ಕನ್ನಡಿಯಲ್ಲಿ ನೋಡಿದ ಹಾಗೆ ಕಾಣೋ ಜೋಡಿಗಳು ಉಳಿದಿವೆ. ನನಗೆ ಬೇಕಾಗಿದ್ದೇ ಅದು. ಹಾಗೇ ಬರುತ್ತಾ ಅಂತ ಬಿಡಿಸಿ ಕೇಳಿದೆ. ಅವನ ವಾಯ್ಸ್ ಮೆಸೇಜು ಇನ್ನೂ ಇಟ್ಟುಕೊಂಡಿದ್ದೀನಿ: “ಅಣ್ಣಾ, ಒಂದು ಎಡಗೈದು, ಒಂದು ಬಲಗೈದು. ಅದನ್ನ ನನಗೆ ಹೇಳ್ಕೊಡಬೇಕಾ? ನಾನೂ ಹಾಸನದೋನೇ ಕಣಣ್ಣ, ನಮ್ಮೋರಿಗೆ ಮೋಸ ಮಾಡ್ತೀನಾ?” ಉಕ್ಕಿನ ನಳಿಕೆ, ಬೀಟೆ ಮರದ ಹಿಡಿ, ಬೆಳ್ಳಿ ಎಳೆಯಲ್ಲಿ ಹುಲಿಪಟ್ಟೆ, ಎಳೆದರೆ ಹಿಂದಕ್ಕೆ ಬರೋ ಕುದುರೆ (ಚಕಮಕಿ ಕಲ್ಲು ಹಿಡಿದು ಬಡಿಯೋ ಭಾಗ). ಎಲ್ಲಾ ಅವನು ಹೇಳಿದ್ದೇ.

ಪಾರ್ಸೆಲ್ ಬಂದ ದಿನ ಮಾವನವರು ಮನೆಯಲ್ಲಿದ್ದರು. ಅವರ ಹತ್ತಿರ ಲೈಸೆನ್ಸ್ ಇರೋ ತೋಟೆ ಕೋವಿ ಇದೆ, ಇಡೀ ಜೀವನ ಕೋವಿ ನೋಡಿದೋರು. ಅವರ ಮುಂದೆಯೇ ಬಿಚ್ಚಿದೆ. ಎರಡರದ್ದೂ ಲಾಕು ಬಲಗಡೆಗೇ ಇದೆ. ಎರಡೂ ಬಲಗಡೆ! ಮಾವನವರು ಒಂದನ್ನ ಎತ್ತಿಕೊಂಡು ಕುದುರೆ ಎಳೆದರು. ಅಲ್ಲಾಡಲಿಲ್ಲ. ಇನ್ನೊಂದೂ ಅಲ್ಲಾಡಲಿಲ್ಲ. ಕುದುರೆ, ಲಾಕಿನ ತಟ್ಟೆ, ಸ್ಕ್ರೂ ತಲೆ ಎಲ್ಲಾ ಒಂದೇ ಎರಕ, ಸ್ಕ್ರೂ ಅಂತ ಇರೋದು ಬರೀ ಅಚ್ಚಿನ ಗುರುತು. ಚಕಮಕಿ ಕಲ್ಲಿನ ಜಾಗದಲ್ಲಿ ಏನೋ ಬೂದು ಚೂರು ಅಂಟಿಸಿದ್ದಾರೆ. ನಳಿಕೆ ಕೆಳಗೆ ಉದ್ದಕ್ಕೂ ಅಚ್ಚು ಕೂಡಿದ ಗೆರೆ. ಬೆಳ್ಳಿ ಎಳೆ ಅಂದಿದ್ದು ಪೇಂಟು, ಉಗುರಲ್ಲಿ ಕೆರೆದರೆ ಎದ್ದು ಬರುತ್ತೆ. “ಹಬ್ಬದಲ್ಲಿ ಹುಡುಗರು ಕೇಪು ಹೊಡೆಯೋ ಪಿಸ್ತೂಲು ಇದಕ್ಕಿಂತ ವಾಸಿ ಕಣಪ್ಪ” ಅಂದರು ಮಾವ. ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಅವನಿಗೆ ಫೋನ್ ಮಾಡಿದರೆ ಬಂದ ಉತ್ತರಗಳು ಕೇಳಿ.

“ಕೈಕೆಲಸ ಅಂದ್ಮೇಲೆ ಒಂದೊಂದು ಒಂದೊಂಥರ ಬರುತ್ತೆ ಅಣ್ಣ.” ಒಂದೊಂಥರ ಬಂದಿದ್ದರೆ ನಾನು ಯಾಕೆ ಕೇಳ್ತಿದ್ದೆ? ಹಿಡಿಯ ಪಕ್ಕ ಲೋಹದಲ್ಲಿ ಒಂದು ಸಣ್ಣ ಗುಳಿ ಇದೆ, ಅಚ್ಚಿನ ದೋಷದಿಂದ ಬಂದಿದ್ದು. ಎರಡು ಪಿಸ್ತೂಲಿನಲ್ಲೂ ಅದೇ ಜಾಗಕ್ಕೆ, ಅಷ್ಟೇ ಗಾತ್ರದ ಗುಳಿ! ಅದರ ಫೋಟೊ ಕಳಿಸಿದೆ. ನೋಡಿ ಸುಮ್ಮನಾದ.

ಮ್ಯಾಗ್ನೆಟ್ ಹಿಡೀತಾ ಇಲ್ಲ, ಇದು ಉಕ್ಕಲ್ಲ ಅಂದೆ. “ಒಳ್ಳೆ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯಲ್ಲ ಅಣ್ಣ, ನಿಮ್ಮನೆ ಪಾತ್ರೆಗೆ ಹಿಡಿಯುತ್ತಾ?” ಅಂದ. ಪಾತ್ರೆಯ ಸ್ಟೇನ್‌ಲೆಸ್ ಸ್ಟೀಲು ಬೇರೆ, ಕೋಫ್ತ್‌ಗಾರಿ ಮಾಡೋ ಉಕ್ಕು ಬೇರೆ. ಆ ಉಕ್ಕಿಗೆ ಮ್ಯಾಗ್ನೆಟ್ ಗಪ್ಪಂತ ಕಚ್ಚುತ್ತೆ. ಇದು ಬಣ್ಣ ಹೊಡೆದ ಹಗುರ ಎರಕ ಅಷ್ಟೆ.

ಮರದ ವಿಷಯಕ್ಕೆ, “ರಾಜಸ್ಥಾನದ ಕಡೆ ಬೀಟೆ ಹಿಂಗೇ ಇರುತ್ತೆ” ಅಂದ. ಮಲೆನಾಡಿನೋರಿಗೆ ಬೀಟೆ ಮರದ ಪಾಠ! ನಮ್ಮ ಆಚಾರಿ ಹಿಡಿಯ ತಳ ಒಂಚೂರು ಕೆತ್ತಿ ನೋಡಿ ಮಾವಿನ ಮರಕ್ಕೆ ಪಾಲಿಶ್ ಅಂತ ಅಲ್ಲೇ ಹೇಳಿದರು.

ಆಮೇಲೆ ದನಿ ಬದಲಾಯ್ತು. “ನೀವೇನು ಇದರಲ್ಲಿ ಗುಂಡು ಹೊಡೀತೀರಾ? ಗೋಡೆಗೆ ತಾನೆ?” ವಾಪಸ್ ತಗೊಳ್ಳಿ ಅಂದರೆ, “ಕೊರಿಯರ್‌ನಲ್ಲಿ ಪಿಸ್ತೂಲು ಅಂತ ಬರೆದು ಕಳಿಸಿ ನೋಡಿ. ಪೊಲೀಸ್ ಬಂದ್ರೆ ನನ್ನ ಕೇಳಬೇಡಿ.” ನನಗೆ ಮಾರಿದವನೇ ನನಗೆ ಪೊಲೀಸ್ ಹೆದರಿಕೆ ಹಾಕ್ತಾನೆ! ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಪೆಟ್ಟಿಗೆಯೊಳಗಿದ್ದ ಕಾಗದ. ‘ಆಂಟೀಕ್, 1795’ ಅಂತ ಸೀಲು ಹಾಕಿದ ಸರ್ಟಿಫಿಕೇಟು. ನಾನು ಕೇಳಿರಲಿಲ್ಲ. ಯಾಕೆ ಅಂದರೆ “ಗೆಸ್ಟ್‌ಗಳಿಗೆ ತೋರಿಸೋಕೆ ಚೆನ್ನಾಗಿರುತ್ತೆ” ಅಂತೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಹಾಗಾದರೆ ಆ ಕಾಗದ ಶುದ್ಧ ಸುಳ್ಳು, ಇಲ್ಲವೇ ಅಪರಾಧ. ಇಂಥ ಕಾಗದ ನಿಮ್ಮ ಮನೆಯಲ್ಲಿದ್ದರೆ ಉತ್ತರ ಕೊಡಬೇಕಾದವರು ನೀವು, ಅವನಲ್ಲ.

ಇನ್ನೊಂದು ಮಾತು. ನಳಿಕೆ ಪೂರ್ತಿ ತೂತಿದ್ದು, ಮದ್ದು ಹಾಕಿ ಹೊಡೆಯೋ ಹಾಗಿದ್ದರೆ ಅದು ಶೋಕೇಸ್ ಸಾಮಾನಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯೊಳಗೆ ಬರೋ ಬಂದೂಕು. 2016ರ ನಿಯಮಗಳಲ್ಲಿ ನಕಲು ಬಂದೂಕಿನ ಪ್ರಸ್ತಾಪವೂ ಇದೆ. ನನಗೆ ಬಂದಿದ್ದರಲ್ಲಿ ತುದಿಯಲ್ಲಷ್ಟೇ ತೂತು, ಒಳಗೆ ಗಟ್ಟಿ. ಮಾವನವರೇ ನನ್ನ ಜೊತೆ ಠಾಣೆಗೆ ಬಂದು ಎರಡನ್ನೂ ತೋರಿಸಿದರು, ಮೋಸದ ದೂರನ್ನೂ ಅಲ್ಲೇ ಬರೆದುಕೊಟ್ಟೆ. ಅವನ ಬೆದರಿಕೆಗೆ ಹೆದರಿ ಸುಮ್ಮನೆ ಕೂತೋರು ಇನ್ನೂ ಇರಬಹುದು, ನೀವೂ ಹೋಗಿ.

ಇಂಥದ್ದು ತಗೊಳ್ಳಲೇಬೇಕು ಅಂದರೆ ಪಾಲಿಶ್ ಆಗೋ ಮುಂಚಿನ ವಿಡಿಯೊ ಕೇಳಿ, ವಿಡಿಯೊದಲ್ಲೇ ಮ್ಯಾಗ್ನೆಟ್ ಇಟ್ಟು, ಕುದುರೆ ಎಳೆದು ತೋರಿಸು ಅನ್ನಿ. ಫೋಟೊ ನಂಬಬೇಡಿ. ನನಗೆ ಕಳಿಸಿದ್ದ ‘ಕೆಲಸದ ಫೋಟೊ’ ನೆಟ್‌ನಲ್ಲಿ ಹುಡುಕಿದರೆ ಹಳೇ ಹರಾಜಿನ ಪುಟದಲ್ಲಿ ಸಿಕ್ಕಿತು. ಬಿಲ್ಲಿನಲ್ಲಿ ಹೊಸದಾಗಿ ಮಾಡಿದ ನಕಲು, ಗುಂಡು ಹಾರಿಸೋಕೆ ಬರಲ್ಲ ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲಿಗೇ ಬಿಡಿ. ಆಗಲೇ ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಕಾಯ್ದೆ ಬಂದ ಮೇಲೆ ಮಾರಿದವನು ಎಲ್ಲೇ ಇರಲಿ, ನೀವಿರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು. ನಾನು ಹಾಸನದಲ್ಲಿ ಹಾಕಿದ್ದೀನಿ.

ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಹೆಂಡತಿ ಫೋನಿನಲ್ಲಿ ನೋಡಿದರೆ ಸ್ಟೇಟಸ್‌ನಲ್ಲಿ ಅದೇ ಹರಾಜಿನ ಫೋಟೊ, ಕೆಳಗೆ ‘ಕೊನೇ ಜೋಡಿ, ಬೇಗ ಬುಕ್ ಮಾಡಿ’ ಅಂತ ಇದೆ. ಆ ಫೋಟೊ ನಿಮಗೂ ಬಂದಿದ್ದರೆ, ಮುಂಗಡ ಹಾಕಿದ್ದರೆ, ನನಗೆ ಮೆಸೇಜ್ ಮಾಡಿ. ಸಾಕ್ಷಿ ಜಾಸ್ತಿ ಆದಷ್ಟೂ ಕೇಸಿಗೆ ಬಲ ಬರುತ್ತೆ ಅಂತ ವಕೀಲರು ಹೇಳಿದ್ದಾರೆ.